ಬಾವಿಯ ಸಂಧಿ

ಶ್ರಾವಣದಲ್ಲಿ ಗೋವಾದ ಫೋಂಡಾ ಊರಿನ ಬಟ್ಟೆ ಅಂಗಡಿಗೆ ಗಿರಾಕಿ ಕಡಿಮೆ, ಕೆಲಸ ಜಾಸ್ತಿ. ಅದು ಹೇಗೆ ಎಂದು ಕೇಳಿದರೆ ಪ್ರತಿಮಾ ಹೇಳುತ್ತಿದ್ದಳು, ಕೇಳುವವರು ಯಾರೂ ಇರಲಿಲ್ಲ ಅಷ್ಟೇ. ಮಳೆಯಲ್ಲಿ ಸೀರೆ ಕೊಳ್ಳಲು ಯಾರು ಬರುತ್ತಾರೆ? ಆದರೆ ಶ್ರಾವಣ ಮುಗಿದು ಚೌತಿ ಬಂತೆಂದರೆ ಇಡೀ ತಾಲೂಕು ಒಂದೇ ಸಲ ಬಾಗಿಲಿಗೆ ಬರುತ್ತದೆ. ಅಷ್ಟರೊಳಗೆ ಮಾಲು ಬಿಚ್ಚಬೇಕು, ಚೀಟಿ ಅಂಟಿಸಬೇಕು, ಮಡಚಿ ಕಪಾಟಿಗೆ ಏರಿಸಬೇಕು, ಹಳೇ ಮಾಲಿಗೆ ಬೂಸು ಹಿಡಿಯದಂತೆ ಒರೆಸಿ ಒರೆಸಿ ಇಡಬೇಕು. ಗಂಡ ಬಸು ಮಾಲು ತರಲು ಬೆಳಗಾವಿಗೆ ಹೋದರೆ, ಘಾಟಿನಲ್ಲಿ ಗುಡ್ಡ ಕುಸಿದಿದೆ, ಲಾರಿ ನಿಂತಿದೆ ಎಂದು ಅಲ್ಲಿಂದಲೇ ಫೋನು ಮಾಡುತ್ತಿದ್ದ. ಅತ್ತೆ ಅನ್ನಪೂರ್ಣವ್ವನನ್ನು ಮೊಣಕಾಲು ನೋವು ಏಳಗೊಡುತ್ತಿರಲಿಲ್ಲ. ಮಾವ ಚನ್ನಬಸಯ್ಯನವರಿಗೆ ಕಣ್ಣಿನ ಪೊರೆ ತೆಗೆಸಿ ಇನ್ನೂ ತಿಂಗಳು ತುಂಬಿರಲಿಲ್ಲ. ಇಷ್ಟೆಲ್ಲ ಸಾಲದೆಂಬಂತೆ ಈ ವರ್ಷ ಪುರಾಣ ಓದುವ ಪೀಠವೂ ಪ್ರತಿಮಾಳ ಕೊರಳಿಗೇ ಬಿದ್ದಿತ್ತು.

ಆ ಪುರಾಣದ ಸಂಗತಿ ಸ್ವಲ್ಪ ಹೇಳಬೇಕು. ಚನ್ನಬಸಯ್ಯನವರು ಮೀಸೆ ಮೂಡುವ ವಯಸ್ಸಿನಲ್ಲಿ ಧಾರವಾಡದ ಕಡೆಯ ಹಳ್ಳಿಯಿಂದ ಒಂದು ಗಂಟು ಸೀರೆ ಹೊತ್ತು ಫೋಂಡಾಕ್ಕೆ ಬಂದವರು. ಮೊದಲನೇ ಶ್ರಾವಣದಲ್ಲಿ, ಕನ್ನಡ ಮಾತಾಡಲು ಒಂದು ನರಪಿಳ್ಳೆಯೂ ಸಿಗದೆ ಬೇಸರವಾಗಿ, ತಮ್ಮೂರ ಮಠದ ಹಳೇ ಸ್ವಾಮಿ ಅಜ್ಜಾರ ಪುರಾಣವನ್ನು ಅಂಗಡಿಯ ಗಾದಿಯ ಮೇಲೆ ಕುಳಿತು ಒಬ್ಬರೇ ಗಟ್ಟಿಯಾಗಿ ಓದತೊಡಗಿದರು. ರಸ್ತೆಯಲ್ಲಿ ಹೊರಟಿದ್ದ ಗಾರೆ ಕೆಲಸದ ಒಬ್ಬ ಗೌಂಡಿ ಕನ್ನಡ ಕೇಳಿ ನಿಂತ. ಮರುದಿನ ಮತ್ತೊಬ್ಬನನ್ನು ಕರೆದುಕೊಂಡು ಬಂದ. ಅಂದಿನಿಂದ ಪ್ರತಿ ಶ್ರಾವಣ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಗಡಿಯ ಶಟರು ಅರ್ಧ ಇಳಿಯುತ್ತದೆ, ಗಾದಿಯ ಮೇಲೆ ಮಡಚುವ ಮರದ ಪೀಠ ಬರುತ್ತದೆ, ಅದರ ಮೇಲೆ ಪುಸ್ತಕ. ಒಬ್ಬರು ರಾಗ ಮಾಡಿ ಪದ್ಯ ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ಓದಿದವರು ಅರ್ಥ ಹೇಳಬಾರದು, ಅರ್ಥ ಹೇಳುವವರು ಓದಬಾರದು. ಇದು ಪದ್ಧತಿ. ಶ್ರಾವಣದ ಕಡೇ ಸೋಮವಾರ ಮಂಗಳ, ಮಾದಲಿ ಪ್ರಸಾದ. ನಡುವೆ ಒಂದು ಪದ್ಯವನ್ನೂ ಬಿಡುವಂತಿಲ್ಲ. ಬಿಟ್ಟರೆ ಪುರಾಣ ಅರ್ಧಕ್ಕೆ ನಿಂತಂತೆ, ಅರ್ಧಕ್ಕೆ ನಿಂತ ಪುರಾಣ ಮನೆಗೆ ಚಲೋ ಅಲ್ಲ ಎಂದು ಚನ್ನಬಸಯ್ಯನವರ ನಂಬಿಕೆ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಒಳಕೋಣೆಯ ಮಂಚದ ಮೇಲೆ ಮಲಗಿದ್ದಾಗಲೂ ಅವರು ಕೇಳಿದ್ದು ನೋವಿನ ಮಾತಲ್ಲ. ‘ಈ ವರ್ಷ ಪುರಾಣ ಪೂರಾ ಆಗೂದಿಲ್ಲೇನು?’ ಎಂದು. ಬಾಗಬಾರದು, ಕಣ್ಣಿಗೆ ತ್ರಾಸು ಕೊಡಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಇನ್ನೊಂದು ಕಣ್ಣು ಚಿಕ್ಕಂದಿನಿಂದಲೇ ಮಂಜು. ಸೊಸೆ ಧಾರವಾಡದಲ್ಲಿ ಕನ್ನಡ ಶಾಲೆ ಕಲಿತವಳು. ‘ನಾ ಓದತೇನ್ರಿ ಮಾವಾರ’ ಎಂದುಬಿಟ್ಟಳು. ಆ ಮಾತು ಬಾಯಿಂದ ಹೊರಟಾಗಲೇ ಅವಳ ಬೆನ್ನು ನೋಯತೊಡಗಿತ್ತು.

ಅರ್ಥ ಹೇಳುವವನು ಶಂಕರಲಿಂಗ. ಪಕ್ಕದ ಸ್ಟೀಲ್ ಪಾತ್ರೆ ಅಂಗಡಿಯವನು, ಮೊದಲಿನಿಂದಲೂ ಅವನೇ. ಪದ್ಯ ಕೇಳುವಾಗ ಕಣ್ಣು ಮುಚ್ಚುತ್ತಾನೆ, ನಿದ್ದೆಯೋ ಧ್ಯಾನವೋ ಶಿವನಿಗೇ ಗೊತ್ತು. ಮುಗಿದ ಕೂಡಲೇ ‘ಅಂದ್ರ ಇಲ್ಲಿ ಕವಿ ಏನು ಹೇಳತಾನು’ ಎಂದು ಶುರು ಮಾಡಿ ಯಾವ ಕಥೆಯಿದ್ದರೂ ಆತ್ಮ, ದೇಹ, ಮಾಯೆಗೆ ತಂದು ಕಟ್ಟುತ್ತಾನೆ. ಕೇಳುವವರಲ್ಲಿ ಕಟ್ಟಡ ಕೆಲಸದ ನಾಲ್ಕಾರು ಮಂದಿ, ಮಾರ್ಕೆಟ್ಟಿನ ಇಬ್ಬರು ಹೆಂಗಸರು, ಮತ್ತೆ ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆ ಮಷಿನ್ ಇಟ್ಟುಕೊಂಡ ಚಮನಸಾಬ. ಅವನು ಒಳಗೆ ಬಂದು ಕೂಡ್ರುವುದಿಲ್ಲ. ಅಂಗಿಯ ಗುಂಡಿಗೆ ಕಾಜು ಹಾಕುತ್ತ ಹೊರಗಿನಿಂದಲೇ ಕೇಳುತ್ತಾನೆ, ಯಾರಾದರೂ ತಡವಾಗಿ ಬಂದರೆ ನಿನ್ನೆ ಎಲ್ಲಿಗೆ ಬಂದಿತ್ತು ಎಂದು ಹೇಳುವ ಕೆಲಸವೂ ಅವನದೇ.

ಪ್ರತಿಮಾಳ ಮಗಳು ಸೌಂದರ್ಯಾ ಮೇಲಿನ ಮನೆಗೆ ಹತ್ತುವ ಮೆಟ್ಟಿಲ ಮೇಲೆ ಕೂಡ್ರುತ್ತಾಳೆ. ಒಂಬತ್ತನೇ ಇಯತ್ತೆ. ಕೈಯಲ್ಲಿ ಮೊಬೈಲು, ಒಂದು ಕಿವಿಯಲ್ಲಿ ವಾಯರು.

ಈ ಹುಡುಗಿಯ ವಿಷಯವೇ ಪ್ರತಿಮಾಳ ಎದೆಯ ಮೇಲಿನ ಕಲ್ಲು. ಜುಲೈಯಲ್ಲಿ ಶಾಲೆಗೆ ಪಾಲಕರನ್ನು ಕರೆಸಿದ್ದರು. ಲೈಬ್ರರಿ ಟೀಚರು ಒಳ್ಳೆಯ ಹೆಂಗಸು, ನಗುನಗುತ್ತಲೇ ಹೇಳಿದಳು, ನಿಮ್ಮ ಮಗಳು ಒಯ್ದ ಪುಸ್ತಕವನ್ನು ತೆರೆಯದೇ ತಂದುಕೊಡುತ್ತಾಳೆ, ಓದುವ ಅಭ್ಯಾಸವೇ ಇಲ್ಲ, ಮನೆಯಲ್ಲಿ ಸ್ವಲ್ಪ ನೋಡಿ. ಪ್ರತಿಮಾ ನೋಡಿದಳು. ಮಗಳು ಮೊಬೈಲಿನಲ್ಲಿ ಕೊರಿಯಾದವರ ಧಾರಾವಾಹಿಯ ಕೆಳಗೆ ಓಡುವ ಅಕ್ಷರ ನೋಡುತ್ತಿದ್ದಳು, ಚಿತ್ರದ ಕಥೆಗಳನ್ನು ಬೆರಳಿನಿಂದ ಮೇಲೆ ಸರಿಸುತ್ತಿದ್ದಳು, ಗೆಳತಿಯರಿಗೆ ಉದ್ದುದ್ದ ಬರೆಯುತ್ತಿದ್ದಳು, ಬಸ್ಸಿನಲ್ಲಿ ಏನನ್ನೋ ಕೇಳುತ್ತಿದ್ದಳು. ಪುಸ್ತಕ ಮಾತ್ರ ಇಲ್ಲ. ಕನ್ನಡವನ್ನು ಅಚ್ಚುಕಟ್ಟಾಗಿ ಮಾತಾಡುತ್ತಾಳೆ, ಅಕ್ಷರ ಬರುವುದಿಲ್ಲ. ಗೋವಾದ ಶಾಲೆಯಲ್ಲಿ ಕನ್ನಡ ಎಲ್ಲಿಂದ ಬರಬೇಕು? ಅ ಆ ಇ ಈ ಕಲಿಸೋಣವೆಂದು ಪ್ರತಿಮಾ ಎರಡು ಬೇಸಿಗೆ ಹೆಣಗಿದ್ದಳು. ಎರಡೂ ಸಲ ಮದುವೆ ಸೀಸನ್ ಬಂದು ಅಂಗಡಿ ಅವಳನ್ನು ಎಳೆದುಕೊಂಡಿತ್ತು.

ಶಂಕರಲಿಂಗನಿಗೆ ಇದು ಸಿಕ್ಕರೆ ಬಿಡುತ್ತಾನೆಯೇ? ಪುರಾಣದ ಮೊದಲನೇ ದಿನವೇ, ಒಳಕೋಣೆಗೆ ಕೇಳುವಂತೆ ಅಂದಿದ್ದ, "ಅಯ್ಯಾರ, ನಿಮಗ ಓದಾಕ ಬರತೈತಿ, ಕಣ್ಣಿಲ್ಲ. ಮೊಮ್ಮಗಳಿಗೆ ಕಣ್ಣ ಅದಾವು, ಓದಾಕ ಬರಾಂಗಿಲ್ಲ. ದೇವರ ಲೆಕ್ಕ ನೋಡ್ರಿ."

ಎಲ್ಲರೂ ನಕ್ಕಿದ್ದರು. ಸೌಂದರ್ಯಾ ಎರಡನೇ ಕಿವಿಗೂ ವಾಯರು ಸಿಕ್ಕಿಸಿಕೊಂಡಿದ್ದಳು. ಪ್ರತಿಮಾಳಿಗೆ ಸಿಟ್ಟು ಬಂದಿದ್ದು ಶಂಕರಲಿಂಗನ ಮೇಲಲ್ಲ, ಮಗಳ ಮೇಲೆ. ದಣಿದವರ ಸಿಟ್ಟು ಯಾವಾಗಲೂ ಹತ್ತಿರದವರನ್ನೇ ಹುಡುಕುತ್ತದೆ.

ಹೀಗೆ ದಿನ ಕಳೆದು ಕಡೇ ವಾರ ಬಂತು. ಅಷ್ಟರಲ್ಲಿ ಪ್ರತಿಮಾಳ ದನಿ ಒಡೆದಿತ್ತು. ಬೆಳಗಾದರೆ ಪಾವ್ ಮಾರುವವನ ಸೈಕಲ್ ಹಾರ್ನಿನ ಭೋಂಪಿಗೆ ಏಳುವುದು, ಮಾವನ ಕಣ್ಣಿಗೆ ಹನಿ, ಅತ್ತೆಯ ಮೊಣಕಾಲಿಗೆ ಎಣ್ಣೆ, ಮಗಳ ಡಬ್ಬಿ, ಅಂಗಡಿ, ರೊಟ್ಟಿ, ಮತ್ತೆ ಅಂಗಡಿ. ಸಂಜೆ ಪೀಠದ ಮುಂದೆ ಕುಳಿತಾಗ ಅಕ್ಷರಗಳು ಒಂದರ ಬೆನ್ನ ಮೇಲೊಂದು ಹತ್ತುತ್ತಿದ್ದವು. ಶನಿವಾರವಂತೂ ಏನು ಓದಿದಳೋ ಅವಳಿಗೇ ಗೊತ್ತಿರಲಿಲ್ಲ. ಬಾಯಿ ತನ್ನ ಪಾಡಿಗೆ ರಾಗ ಎಳೆಯುತ್ತಿತ್ತು, ತಲೆ ನಾಳೆಯ ಹಿಟ್ಟು ಸೋಸುತ್ತಿತ್ತು. ಮಾವನವರು ಒಳಗಿನಿಂದ ತಪ್ಪು ಹಿಡಿದು ಕೂಗುವುದು ರೂಢಿ. ಅವತ್ತು ಅವರಿಗೂ ಜೊಂಪು ಹತ್ತಿತ್ತು. ಶಂಕರಲಿಂಗ ಎಂದಿನಂತೆ ದೇಹವನ್ನೂ ಆತ್ಮವನ್ನೂ ಬೇರೆ ಮಾಡಿದ. ಮಂದಿ ಪ್ರಸಾದದ ಸಕ್ಕರೆ ಬಾಯಿಗೆ ಹಾಕಿಕೊಂಡು, ಕೊಡೆ ಬಿಚ್ಚಿ ಹೋದರು.

ಅಡಿಗೆಮನೆಯಲ್ಲಿ ಅನ್ನ ಕುದಿಯುತ್ತಿದ್ದಾಗ ಸೌಂದರ್ಯಾ ಬಂದು ಬಾಗಿಲಿಗೆ ಒರಗಿದಳು.

"ಮಮ್ಮಿ, ಇವತ್ತ ನೀ ಬಾವಿ ಕಥಿ ಬಿಟ್ಟಿ."

ಯಾವ ಬಾವಿ ಎಂದು ಪ್ರತಿಮಾ ತಿರುಗದೇ ಕೇಳಿದಳು. ಅದೇ, ಅಜ್ಜಾರು ಬ್ಯಾಸಿಗಿಯಾಗ ಊರಿಗೆ ಬರತಾರಲ್ಲ, ನೀರು ಸೇದೂ ಹೆಣ್ಣಮಗಳ ಕಥಿ, ಎಂದಳು ಮಗಳು. ಇವತ್ತು ಅದು ಬರಬೇಕಾಗಿತ್ತು, ಕಳ್ಳರ ಕಥೆ ಆದ ಮೇಲೆ ಅದೇ ಬರುತ್ತದೆ, ನೀನು ಕಳ್ಳರಿಂದ ನೇರ ಜಾತ್ರೆಗೆ ಹೋದೆ. ಮೊಬೈಲ್ ನೋಡುತ್ತ ಕುಳಿತವಳಿಗೆ ಪುರಾಣದ ಉಸಾಬರಿ ಏಕೆ ಎಂದು ಪ್ರತಿಮಾ ಗದರಿದಳು. ಗದರಿದವಳು ಒಂದು ಗಳಿಗೆ ಸೌಟು ಹಿಡಿದು ನಿಂತಳು. ಕಳ್ಳರು, ಜಾತ್ರೆ. ಹೌದು. ನಡುವೆ ಬಾವಿ ಇತ್ತು.

ಅಂಗಡಿಗೆ ಇಳಿದು ಪುಸ್ತಕ ತಂದಳು. ಗೋವಾದ ಮಳೆಗಾಲ ಎಂಥದೆಂದು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಸು ಬರುತ್ತದೆ, ಹಳೇ ಕಾಗದ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಬಾವಿಯ ಸಂಧಿಯ ಹಾಳೆಗಳೆಲ್ಲ ಅಂಟಿ ಒಂದೇ ರಟ್ಟಿನ ಹಾಗೆ ಆಗಿದ್ದವು. ಅವಳು ಆ ರಟ್ಟನ್ನು ಒಂದೇ ಹಾಳೆಯೆಂದು ತಿರುವಿದ್ದಳು. ಮೈಮೇಲೆ ಎಚ್ಚರವಿದ್ದಿದ್ದರೆ ಬೆರಳಿಗೆ ದಪ್ಪ ತಿಳಿಯುತ್ತಿತ್ತು. ಅನ್ನದ ಹಬೆಗೆ ಹಿಡಿದು ಬಿಡಿಸೋಣವೆಂದು ನೋಡಿದಳು. ಹಾಳೆ ಬಿಟ್ಟಿತು, ಆದರೆ ಈ ಕಡೆಯ ಅಕ್ಷರ ಆ ಕಡೆಗೆ ಹತ್ತಿಕೊಂಡು ಬಂತು. ಎರಡೂ ಕಡೆ ಕಪ್ಪು ಕೆಸರು. ಇನ್ನೊಂದನ್ನು ಚಾಕುವಿನ ತುದಿಯಿಂದ ಎಬ್ಬಿಸಿದಳು, ಅದು ಹಪ್ಪಳದಂತೆ ಮುರಿದು ಕೈಗೆ ಬಂತು. ಆ ಪುಸ್ತಕ ಎಂದೋ ಗದುಗಿನ ಕಡೆ ಒಂದೇ ಸಲ ಅಚ್ಚಾದದ್ದು, ಊರ ಮಠದಲ್ಲೂ ಈಗ ಪ್ರತಿಯಿಲ್ಲ. ಪ್ರತಿಮಾ ಒಲೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಅಳು ಬರಬೇಕಾಗಿತ್ತು, ಬರಲಿಲ್ಲ. ಅದಕ್ಕೂ ಒಂದಿಷ್ಟು ಶಕ್ತಿ ಬೇಕು.

ಸೋಮವಾರ ಮಂಗಳ. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬ ವಿಚಾರ ಬಂತು. ಮಾವನವರು ಕಪ್ಪು ಕನ್ನಡಕ ಹಾಕಿಕೊಂಡು, ಪೂರಾ ಆಯಿತೆಂದು ನಂಬಿ ಕೈಮುಗಿಯುತ್ತಾರೆ. ಆ ಕೈಮುಗಿದ ಚಿತ್ರವೇ ಅವಳಿಗೆ ಬೇಡವಾಯಿತು.

"ನಿನಗ ಹೆಂಗ ಗೊತ್ತಾತು?" ಎಂದು ಮಗಳನ್ನು ಕೇಳಿದಳು. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ.

ಸೌಂದರ್ಯಾ ಹೇಳಿದ್ದು ಇಷ್ಟು. ಹೋದ ವರ್ಷ ಅಜ್ಜ ಓದುವಾಗ ಮೆಟ್ಟಿಲ ಮೇಲೆ ಕುಳಿತು ಅವರ ದನಿಯನ್ನು ಮೊಬೈಲಿನಲ್ಲಿ ತುಂಬಿಸಿಕೊಂಡಿದ್ದಳು. ಬಸ್ಸಿನಲ್ಲಿ ಕೇಳುತ್ತಿದ್ದಳು. ಮಳೆ ತಗಡಿನ ಮೇಲೆ ಬೀಳುವ ಸಪ್ಪಳ, ಫ್ಯಾನಿನ ಗರಗರ, ಎಲ್ಲ ಸೇರಿ ಅಜ್ಜನ ಮಾತು ಅರ್ಧರ್ಧ ತಿಳಿಯುತ್ತಿರಲಿಲ್ಲ. ಅವಳ ಗೆಳತಿ ಫ್ಲಾವಿಯಾ ಎಂಬ ಹುಡುಗಿ ಇದ್ದಾಳಲ್ಲ, ಅವಳ ಅಜ್ಜಿಯ ಪ್ರಾರ್ಥನೆ ಪುಸ್ತಕ ಕೊಂಕಣಿಯದು, ಅಕ್ಷರ ಮಾತ್ರ ಎಬಿಸಿಡಿ. ಆ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಆದರೂ ಆ ಅಕ್ಷರದಲ್ಲಿ ಗಡಗಡ ಓದುತ್ತಾಳೆ. ಅದನ್ನು ನೋಡಿದ ಮೇಲೆ ಇವಳೂ ಅಜ್ಜನ ದನಿಯನ್ನು ನಿಲ್ಲಿಸಿ ನಿಲ್ಲಿಸಿ ಕೇಳಿ, ತಿಳಿಯದ್ದನ್ನು ಆಯಿ ಅನ್ನಪೂರ್ಣವ್ವನ ಹತ್ತಿರ ಕೇಳಿ, ಎಬಿಸಿಡಿಯಲ್ಲೇ ಕನ್ನಡ ಬರೆದುಕೊಂಡಳು. ಎಲ್ಲ ಅಲ್ಲ, ತನ್ನ ಮನಸ್ಸಿಗೆ ಸೇರಿದ ಕೆಲವು ಕಥೆ ಮಾತ್ರ. ಮೊದಲು ಬರೆದದ್ದು ಬಾವಿಯದು.

"ಯಾಕ?"

"ಕೇಳಿದ್ದು ಹೋಗಿಬಿಡತೈತಿ ಮಮ್ಮಿ. ನೋಡಬೇಕು ಅನಸ್ತು."

ಪ್ರತಿಮಾ ಮೊಬೈಲ್ ತೆಗೆದುಕೊಂಡಳು. ನಾನೇ ಇದನ್ನು ನೋಡಿ ಓದಿದರಾಯಿತು, ಮುಗಿಯಿತಲ್ಲ ಎಂದುಕೊಂಡು ಮೊದಲನೇ ಸಾಲಿಗೆ ಕಣ್ಣು ಹಚ್ಚಿದಳು. ಮೂರು ಪದಕ್ಕೆ ನಾಲಿಗೆ ತೊಡರಿತು. ಇಂಗ್ಲಿಷ್ ಅಕ್ಷರ ಗೊತ್ತು, ಕನ್ನಡ ಮಾತು ಗೊತ್ತು, ಎರಡೂ ಕೂಡಿದರೆ ಅವಳಿಗೆ ಜೋಳದ ಹಿಟ್ಟಿನಲ್ಲಿ ಹರಳು ಸಿಕ್ಕಿದ ಹಾಗೆ. ಎಲ್ಲಿ ಎಳೆಯಬೇಕು, ಎಲ್ಲಿ ಒತ್ತಬೇಕು, ಯಾವ ಲ, ಯಾವ ಳ, ಎಲ್ಲ ಮಗಳಿಗೇ ಗೊತ್ತು. ಮಗಳು ಪಕ್ಕದಲ್ಲಿ ನಿಂತು, ಬೆರಳು ಕೂಡ ಇಡದೆ, ಅದೇ ಸಾಲನ್ನು ನೀರು ಕುಡಿದಂತೆ ಓದಿದಳು. ಪ್ರತಿಮಾಳಿಗೆ ವಿಚಿತ್ರವೆನಿಸಿತು. ಇಷ್ಟು ವರ್ಷ ಈ ಮನೆಯಲ್ಲಿ ಓದಲು ಬರದವಳು ಎಂದರೆ ಸೌಂದರ್ಯಾ. ಈಗ ಆ ಮಾತು ತನಗೆ ಬಂದು ಹತ್ತಿತ್ತು.

ಭಾನುವಾರ ಬೆಳಿಗ್ಗೆ ಕಣ್ಣಿಗೆ ಹನಿ ಹಾಕುವಾಗ ಮಾವನವರಿಗೆ ಎಲ್ಲ ಹೇಳಿದಳು. ಅಂಟಿದ ಹಾಳೆ, ಹಬೆ, ಚಾಕು, ಒಂದನ್ನೂ ಮುಚ್ಚಲಿಲ್ಲ. ಚನ್ನಬಸಯ್ಯನವರು ಹನಿ ಒಳಗಿಳಿಯಲೆಂದು ಕಣ್ಣು ಮುಚ್ಚಿಕೊಂಡೇ ಇದ್ದರು. ಆಮೇಲೆ, ನನಗೆ ಬಾಯಿಗೆ ಬರುತ್ತದೆ, ನೋಡೋಣ ತಡಿ, ಎಂದು ಎದ್ದು ಕುಳಿತು ಶುರು ಮಾಡಿದರು. ಮೊದಲನೇ ಪದ್ಯ ಸರಾಗ ಬಂತು. ಎರಡನೆಯದು ಬಂತು. ಮೂರನೆಯದರ ಬಾಲಕ್ಕೆ ಮೊದಲನೆಯದರ ತಲೆ ಕೂಡಿಕೊಂಡಿತು. ಮತ್ತೆ ಮೊದಲಿನಿಂದ ಹಿಡಿದರು, ಅಲ್ಲಿಗೇ ಬಂದು ಮತ್ತೆ ತಿರುಗಿದರು. ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಸುಸ್ತಾಗಿ ದಿಂಬಿಗೆ ಒರಗಿದರು.

"ಪುಸ್ತಕ ಮುಂದಿದ್ರ ಬರತಿತ್ತವಾ. ಓದಲಿಲ್ಲ ಅಂದ್ರೂ ಮುಂದ ಇರಬೇಕು."

ಮೊಬೈಲಿನಲ್ಲಿ ನಿಮ್ಮದೇ ದನಿ ಇದೆಯಂತೆ, ಅದನ್ನೇ ಹಚ್ಚಿದರೆ ಹೇಗೆ ಎಂದು ಮೂಲೆಯಿಂದ ಅನ್ನಪೂರ್ಣವ್ವ ಕೇಳಿದಳು. ಪುರಾಣ ಓದಬೇಕು, ಹಚ್ಚಬಾರದು, ಅದೇನು ರೇಡಿಯೋ ಅಲ್ಲ, ಎಂದರು ಚನ್ನಬಸಯ್ಯನವರು. ಹಾಗಾದರೆ ಹುಡುಗಿ ಓದಲಿ ಎಂದಳು ಅನ್ನಪೂರ್ಣವ್ವ. ಪ್ರತಿಮಾ ಬಾಯಿ ತೆರೆದಳು. ಅವಳಿಗೆ ಅಕ್ಷರ ಬರುವುದಿಲ್ಲ, ಮೊಬೈಲ್ ನೋಡಿ ಪುರಾಣ ಓದಿದರೆ ಮಂದಿ ಏನೆಂದಾರು, ಶಂಕರಲಿಂಗಣ್ಣನ ಬಾಯಿ ಎಂಥದು, ಎಂದು ಹೇಳಬೇಕೆಂದುಕೊಂಡಳು. ಒಡೆದ ದನಿಯಿಂದ ಅರ್ಧ ಮಾತ್ರ ಹೊರಟಿತು.

ಚನ್ನಬಸಯ್ಯನವರು ಅವಳ ಕಡೆ ಮುಖ ತಿರುಗಿಸಿದರು. ಮುಖ ಸರಿಯಾಗಿ ಅವಳ ಕಡೆ ಬರಲಿಲ್ಲ, ಒಂದಿಷ್ಟು ಕಿಟಕಿಯ ಕಡೆ ಹೋಯಿತು.

"ಅಕಿ ಏನ ನೋಡಿ ಓದತಾಳ ಅಂಬೂದು ನನಗ ಕಾಣಸಾಂಗಿಲ್ಲ ತಂಗಿ. ಕೇಳಸ್ತೈತಿ ಅಷ್ಟ. ಕುಂಡ್ರಸು."

ಸಂಜೆ ಜಿಟಿಜಿಟಿ ಮಳೆ. ಶಟರು ಅರ್ಧ ಇಳಿಯಿತು. ಚನ್ನಬಸಯ್ಯನವರನ್ನು ಕೈಹಿಡಿದು ತಂದು ಗೋಡೆಗೆ ಒರಗಿಸಿ ಕೂಡ್ರಿಸಿದರು, ಪೊರೆ ತೆಗೆಸಿದ ಮೇಲೆ ಅವರು ಅಂಗಡಿಗೆ ಬಂದದ್ದು ಅದೇ ಮೊದಲು. ಸೌಂದರ್ಯಾ ತಲೆ ಬಾಚಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕುಳಿತಳು. ಪುಸ್ತಕವನ್ನು ಕಣ್ಣಿಗೊತ್ತಿ ಪಕ್ಕಕ್ಕಿಟ್ಟು, ಪೀಠದ ಮೇಲೆ ಮೊಬೈಲ್ ಇಟ್ಟಳು. ಅದು ಜಾರಿತು. ಪೀಠವೇನು ಮೊಬೈಲಿಗಾಗಿ ಮಾಡಿದ್ದೇ? ಹೊರಗಿನಿಂದ ಚಮನಸಾಬ ನೋಡಿ ದಾರದ ಉಂಡೆಯೊಂದನ್ನು ಒಳಗೆ ಉರುಳಿಸಿದ. ಅದನ್ನು ಕೆಳಗೆ ಆನಿಸಿಟ್ಟ ಮೇಲೆ ನಿಂತಿತು.

ಶಂಕರಲಿಂಗ ಎಲ್ಲವನ್ನೂ ನೋಡುತ್ತಿದ್ದ. ಏನವಾ ಪ್ರತಿಮಕ್ಕ, ಮಂಗಳಾರತಿಗೂ ಮೊಬೈಲಿನ ಬ್ಯಾಟರಿ ಸಾಕೋ, ಎಣ್ಣೆ ಬತ್ತಿ ಬೇಕೋ ಎಂದು ಕೇಳಿದ. ಕೆಲಸದವರು ನಕ್ಕರು. ಪ್ರತಿಮಾ ಸಂಗತಿ ಹೇಳಿದಳು. ಅಂಟಿದ ಹಾಳೆ ತೋರಿಸಿದಳು. ನಿನ್ನೆ ಒಂದು ಸಂಧಿ ಬಿಟ್ಟುಹೋಗಿದೆ ಎಂದಾಗ ಎಲ್ಲರೂ ಶಂಕರಲಿಂಗನ ಕಡೆ ನೋಡಿದರು, ಅರ್ಥ ಹೇಳಿದವನಿಗೂ ತಿಳಿಯಲಿಲ್ಲವೇ ಎಂಬಂತೆ. ಅವನು ಟೋಪಿ ಸರಿಮಾಡಿಕೊಂಡ. ಓದಲಿ, ಬೇಡ ಅನ್ನುವುದಿಲ್ಲ, ಆದರೆ ಕೇಳಿ ಕೇಳಿ ಹೇಳುವುದು ಗಿಳಿಪಾಠ, ಅದಕ್ಕೆ ಓದು ಅನ್ನುವುದಿಲ್ಲ, ನನ್ನ ಮಾತು ನಾನು ಹೇಳಿದೆ, ಎಂದ.

ಸೌಂದರ್ಯಾ ಓದತೊಡಗಿದಳು. ದನಿ ನಡುಗುತ್ತಿತ್ತು. ರಾಗ ಅಜ್ಜನದೇ, ಅವರು ಎಳೆಯುವಲ್ಲಿ ಎಳೆತ, ಅವರು ಉಸಿರು ತೆಗೆದುಕೊಳ್ಳುವಲ್ಲಿ ಉಸಿರು. ಹೆದರಿಕೆಗೆ ಕಣ್ಣನ್ನು ಮೊಬೈಲಿನಿಂದ ಎತ್ತಲೇ ಇಲ್ಲ. ಬೇಸಿಗೆ ಬಂತು, ಮಠದ ಅಜ್ಜಾರು ಊರಿಗೆ ಬಂದರು, ಊಟಕ್ಕೆ ನೂರಾರು ಮಂದಿ ಕೂಡಿದರು, ಎಲ್ಲರಿಗೂ ನೀರು ಸೇದುವವಳು ಒಬ್ಬಳೇ.

"ಹಗ್ಗ ಹಿಡಿದಾ ಕೈಯ ಸಡಿಲಿಸಿ, ಕಲ್ಲಿಗೊರಗಿದಳವ್ವ ಕಣ್ಮುಚ್ಚಿ, ಏ ಬಸೂ ಫ್ಯಾನ ಸಣ್ಣ ಮಾಡೋ ಹಾಳಿ ಹಾರತಾವೂ…"

ರಾಗ ಎಲ್ಲೂ ಮುರಿಯಲಿಲ್ಲ. ಶಂಕರಲಿಂಗ ಮುಚ್ಚಿದ ಕಣ್ಣಿನಲ್ಲೇ, "ಅಂದ್ರ ಇಲ್ಲಿ ಕವಿ ಏನು ಹೇಳತಾನು" ಎಂದು ಶುರು ಮಾಡಿ, ಅಲ್ಲಿಗೇ ನಿಂತ.

ಮೊದಲು ನಕ್ಕದ್ದು ಚಮನಸಾಬ. ಆಮೇಲೆ ಇಡೀ ಅಂಗಡಿ. ಹೋದ ವರ್ಷ ಓದುತ್ತಿದ್ದಾಗ ನಡುವೆ ಅಜ್ಜ ಮಗನಿಗೆ ಕೂಗಿ ಹೇಳಿದ್ದನ್ನೂ ಹುಡುಗಿ ಬಿಡದೆ ಬರೆದುಕೊಂಡಿದ್ದಳು, ಬರೆದದ್ದನ್ನು ಬಿಡದೆ ಓದಿದ್ದಳು. ಸೌಂದರ್ಯಾಳ ಕಿವಿ ಕೆಂಪಾಯಿತು. ಶಂಕರಲಿಂಗ ಸಿಕ್ಕ ಹಗ್ಗವನ್ನು ಗಟ್ಟಿ ಹಿಡಿದ. ನೋಡಿದಿರಾ, ಗಿಳಿ ಅಂದೆನಲ್ಲ, ಗಿಳಿಗೆ ಪುರಾಣ ಯಾವುದು ಫ್ಯಾನು ಯಾವುದು, ಎಂದ.

ಗೋಡೆಗೆ ಒರಗಿದ್ದ ಚನ್ನಬಸಯ್ಯನವರು ನಗು ತಡೆದುಕೊಳ್ಳುತ್ತಿದ್ದರು, ಕಣ್ಣಿಗೆ ತ್ರಾಸಾಗಬಾರದಲ್ಲ.

"ಗಿಳಿಪಾಠ ಆಗಿದ್ರ ಫ್ಯಾನ ಬರತಿದ್ದಿಲ್ಲೋ ಶಂಕ್ರ್ಯಾ. ಬಾಯಿಪಾಠ ಮಾಡಿದವರಿಗೆ ಬೇಕಾದದ್ದಷ್ಟ ನೆನಪಿರತೈತಿ. ಅಕಿ ಬರದದ್ದನ್ನ ನೋಡಿ ಓದ್ಯಾಳ, ಅದಕ್ಕ ಅದೂ ಬಂತು. ನಾ ಬೇಕಾರ ಎಷ್ಟ ಸಲ ಅಚ್ಚಿನ ತಪ್ಪನ್ನೂ ರಾಗ ಮಾಡಿ ಓದೇನಿ, ನೀ ಅದಕ್ಕೂ ಅರ್ಥ ಹೇಳಿದಿ." ಮತ್ತೆ ಮೊಮ್ಮಗಳ ಕಡೆಗೆ ಮುಖ ತಿರುಗಿಸಿ, "ಮುಂದ ನಡಿಯವಾ" ಎಂದರು.

ಅವಳು ಮುಂದೆ ನಡೆದಳು. ಈಗ ದನಿ ನಡುಗುತ್ತಿರಲಿಲ್ಲ. ಜನ ನಕ್ಕು ಹಗುರಾಗಿದ್ದರು, ಅದಕ್ಕೋ ಏನೋ ಚಲೋ ಕೇಳುತ್ತಿದ್ದರು. ಪ್ರತಿಮಾ ಸೀರೆ ಗಂಟುಗಳಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಿದ್ದಳು. ಈ ಇಡೀ ಶ್ರಾವಣದಲ್ಲಿ ಅವಳು ಪುರಾಣ ಕೇಳಿದ್ದೇ ಇಲ್ಲ, ಓದಿದ್ದಳು ಅಷ್ಟೇ. ಕೇಳುವುದೆಂದರೆ ಹೀಗೆ ಇರುತ್ತದೆ ಎಂಬುದು ಮರೆತುಹೋಗಿತ್ತು. ಏನೂ ಎತ್ತಬೇಕಾಗಿಲ್ಲ, ತಿರುವಬೇಕಾಗಿಲ್ಲ, ಮಾತು ತಾನೇ ಬಂದು ಕಾಲು ನೀವುತ್ತದೆ. ಊರ ಮಂದಿ ಬಂದು, ಏಳೇ, ಪಂಕ್ತಿ ಕುಳಿತಿದೆ, ನೀರಿಲ್ಲ ಎಂದು ಬಾವಿಕಟ್ಟೆಯ ಹೆಂಗಸನ್ನು ಬೈಯುತ್ತಿದ್ದರು. ಅಜ್ಜಾರು ಬಾಯಿ ಮೇಲೆ ಬೆರಳಿಟ್ಟರು. ಅವಳ ಕೈಯಿಂದ ಹಗ್ಗವನ್ನು ಮೆಲ್ಲಗೆ… ಅಲ್ಲಿಯವರೆಗೆ ಪ್ರತಿಮಾಳಿಗೆ ನೆನಪಿದೆ. ಮಳೆಯೂ ಮಗಳ ದನಿಯೂ ಒಂದರೊಳಗೊಂದು ಕೂಡಿಹೋದವು.

ಎಚ್ಚರವಾದಾಗ ಓದು ಮುಗಿದಿತ್ತು. ಮೈಮೇಲೆ ಏನೋ ಬೆಚ್ಚಗಿತ್ತು, ಯಾರೋ ಕಪಾಟಿನ ಹೊಸ ಚಾದರ ಬಿಚ್ಚಿ ಹೊದಿಸಿದ್ದರು. ಕಣ್ಣು ತೆರೆಯುವ ಮೊದಲೇ ವಾದದ ಸದ್ದು ಕೇಳಿತು.

ಶಂಕರಲಿಂಗ ಅರ್ಥ ಹೇಳಿ ಮುಗಿಸಿದ್ದನೆಂದು ಕಾಣುತ್ತದೆ. ಹಗ್ಗ ಎಂದರೆ ಉಸಿರು, ಕೊಡ ಎಂದರೆ ದೇಹ, ನಿದ್ದೆ ಎಂದರೆ ಮಾಯೆ, ಮಾಯೆಯಲ್ಲಿ ಬಿದ್ದ ಜೀವದ ಕರ್ಮವನ್ನು ಗುರು ತಾನೇ ಹೊರುತ್ತಾನೆ. ಪ್ರತಿ ವರ್ಷದ್ದೇ. ಆದರೆ ಈ ವರ್ಷ ಗಾದಿಯ ಮೇಲಿಂದ ಸೌಂದರ್ಯಾ ಅದಕ್ಕೆ ಒಪ್ಪಿರಲಿಲ್ಲ.

"ಹಂಗಲ್ಲರಿ ಕಾಕಾ. ಅಕಿಗೆ ದಣಿವಾಗಿತ್ತು. ಅದಕ್ಕ ಮಲಗಿದಳು. ಅಜ್ಜಾರು ಮಲಗಲಿ ಅಂತ ಬಿಟ್ಟ, ತಾವ ನೀರು ಸೇದಿದರು. ಅಷ್ಟ ಐತಿ ಅದರಾಗ."

ಮಾರ್ಕೆಟ್ಟಿನ ಹೆಂಗಸೊಬ್ಬಳು, ಖರೇ ಐತಿ ನೋಡವಾ ಎಂದು ಮೆಲ್ಲಗೆ ಅಂದದ್ದು ಕೇಳಿತು. ಶಂಕರಲಿಂಗನಿಗೆ ಸಿಟ್ಟು ಬಂದಿತ್ತು. ಇಷ್ಟು ವರ್ಷ ಅವನ ಅರ್ಥಕ್ಕೆ ಯಾರೂ ಎದುರಾಡಿದ್ದಿಲ್ಲ.

"ಏ ಹುಡುಗಿ, ಓದಿದವರು ಅರ್ಥಾ ಹೇಳಾಂಗಿಲ್ಲ. ಪದ್ಧತಿ ಐತಿ. ನಿಮ್ಮಜ್ಜನ್ನ ಕೇಳು."

ಹೊರಗೆ ಹೊಲಿಗೆ ಮಷಿನ್ ನಿಂತಿತು.

"ಶಂಕ್ರಲಿಂಗಣ್ಣ, ಅಂದ್ರ ಅಕಿ ಓದ್ಯಾಳ ಅಂದಂಗಾತಿಲ್ಲೋ?" ಎಂದ ಚಮನಸಾಬ.

ಶಂಕರಲಿಂಗ ಏನೋ ಹೇಳಲು ಹೋದ. ಮಂದಿ ನಗತೊಡಗಿದರು. ಅಷ್ಟರಲ್ಲಿ ಚನ್ನಬಸಯ್ಯನವರ ದನಿ ಬಂತು, ಎಲ್ಲರಿಗಿಂತ ಮೆಲ್ಲಗೆ.

"ಸಾವಕಾಶ ಮಾತಾಡ್ರೋ. ಅಕಿ ಮಲಗ್ಯಾಳ."

ಆಮೇಲೆ ಎಲ್ಲರೂ ದನಿ ತಗ್ಗಿಸಿಯೇ ಮಾತಾಡಿದರು. ಪುಸ್ತಕದ ಉಳಿದ ಹಾಳೆಗಳೂ ಅಂಟುತ್ತಿವೆ, ಜಾತ್ರೆಯ ಸಂಧಿಯ ಮೂಲೆಗೆ ಆಗಲೇ ಕಪ್ಪು ಹಿಡಿದಿದೆ ಎಂದು ಅನ್ನಪೂರ್ಣವ್ವ ಹೇಳುತ್ತಿದ್ದಳು. ಹಾಗಾದರೆ ಎಲ್ಲ ಬರೆದುಕೋ, ಎಂದು ಅಜ್ಜ ಮೊಮ್ಮಗಳಿಗೆ ಹೇಳುತ್ತಿದ್ದರು. ನಿಮ್ಮವ್ವ ಪುಸ್ತಕ ನೋಡಿ ಓದಲಿ, ನೀ ಕೇಳಿ ಬರಿ, ಯಾವ ಅಕ್ಷರದಾಗರೆ ಬರಿ, ಫ್ಯಾನಿಂದು ಮಾತ್ರ ತೆಗಿ. ಸೌಂದರ್ಯಾ ಫ್ಯಾನಿಂದೂ ಇರಲಿ ಅನ್ನುತ್ತಿದ್ದಳು.

ನಿಮ್ಮವ್ವ ಓದಲಿ. ಆ ಮಾತು ಕಿವಿಗೆ ಬಿದ್ದಾಗ ಪ್ರತಿಮಾಳ ಬೆನ್ನಿನಲ್ಲಿ ಹಳೇ ನೋವು ಒಂದು ಸಲ ಮಿಸುಕಿತು. ಇನ್ನೊಂದು ಕೆಲಸ. ನಾಳೆ ಮಂಗಳ, ಮಾದಲಿಗೆ ಹಿಟ್ಟು ನಾದಬೇಕು, ಬೆಲ್ಲ ಕುಟ್ಟಬೇಕು, ಲಾರಿ ಬಂದರೆ ಮಾಲು ಇಳಿಸಬೇಕು. ಲೈಬ್ರರಿ ಟೀಚರಿಗೂ ಒಮ್ಮೆ ಭೆಟ್ಟಿಯಾಗಬೇಕು. ಮಗಳು ಏನು ಓದುತ್ತಾಳೆ ಎಂದು ಕೇಳಿದರೆ ಈಗ ಹೇಳಲಿಕ್ಕೆ ಬಹಳ ಇದೆ, ಎಲ್ಲಿಂದ ಶುರು ಮಾಡುವುದೆಂದೇ ತಿಳಿಯದು. ಏಳಬೇಕು. ಸಕ್ಕರೆ ಹಂಚುವವರು ಯಾರು? ಡಬ್ಬಿಯ ಮುಚ್ಚಳ ತೆಗೆದ ಸಪ್ಪಳವಾಯಿತು. ಮಗಳು ಎದ್ದು ಹಂಚುತ್ತಿದ್ದಳು.

ಪ್ರತಿಮಾಳಿಗೆ ಪೂರ್ತಿ ಎಚ್ಚರವಾಗಿತ್ತು. ಆದರೂ ಕಣ್ಣು ತೆರೆಯಲಿಲ್ಲ. ಚಾದರದ ಹೊಸ ಗಂಜಿಯ ವಾಸನೆಯೊಳಗೆ ಮುಖ ಸರಿಸಿಕೊಂಡು, ಇನ್ನೊಂದಿಷ್ಟು ಹೊತ್ತು ಹಾಗೆಯೇ ಇದ್ದಳು.